ಕೂಲಿಕಾರನಿಂದ ಮಂತ್ರಿಯವರೆಗೆ: ಜಾನ್ ಬರ್ನ್ಸರ ರಾಜಕೀಯ ಜೀವನ

ಚಳವಳಿಯ ಮುಂದಾಳುವು ಮಂತ್ರಿಯಾದೊಡನೆ ಬದಲಾಗುತ್ತಾನೆಂಬ ದೂರು ನಮ್ಮ ದೇಶದಲ್ಲಿ ಹೊಸದಲ್ಲ. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಚಿತವಾದಾಗ, ಸೆರೆಮನೆಯ ಗಂಜಿಯನ್ನು ಉಂಡು ಬಂದವರು ಸಚಿವಾಲಯದ ಕುರ್ಚಿಗಳಲ್ಲಿ ಕುಳಿತುದನ್ನು ಕಂಡು ಜನರು ಹಿಗ್ಗಿದರು. ಅಂದಿನಿಂದ ಇಂದಿನವರೆಗೆ ಎಷ್ಟು ಮಂತ್ರಿಮಂಡಲಗಳು ಬಂದು ಹೋಗಿರುವವೋ ಅಷ್ಟು ಸಲ ಆ ಹಿಗ್ಗೂ ಅದರ ಬೆನ್ನಿಗೇ ಬರುವ ನಿರಾಶೆಯೂ ಮರುಕಳಿಸಿವೆ. ಈ ಬದಲಾವಣೆಗೆ ಕಾರಣವೇನು? ಮನುಷ್ಯನು ಮೊದಲಿನಿಂದಲೂ ಟೊಳ್ಳಾಗಿದ್ದನೋ, ಅಥವಾ ಕುರ್ಚಿಯು ಗಟ್ಟಿ ಮನುಷ್ಯನನ್ನೂ ಬಗ್ಗಿಸಬಲ್ಲುದೋ? ಈ ಪ್ರಶ್ನೆಗೆ ಉತ್ತರವನ್ನು ನಮ್ಮವರಲ್ಲಿಯೇ ಹುಡುಕಹೋದರೆ ರಾಗದ್ವೇಷಗಳು ಅಡ್ಡ ಬರುವುವು. ಆದುದರಿಂದ ನಾವು ದೂರದ ಒಂದು ಉದಾಹರಣೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಬ್ರಿಟನ್ನಿನಲ್ಲಿ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಕೈಯಿಂದ ದುಡಿದು ಬದುಕಿ, ಕೊನೆಗೆ ಕ್ಯಾಬಿನೆಟ್ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ಮೊದಲಿಗರಾದ ಜಾನ್ ಬರ್ನ್ಸರೇ ಆ ಉದಾಹರಣೆ.

ಬರ್ನ್ಸರು 1858ರ ಅಕ್ಟೋಬರದಲ್ಲಿ ದಕ್ಷಿಣ ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಮನೆಯಲ್ಲಿ ಮಕ್ಕಳು ಬಹಳ, ಅನ್ನ ಸ್ವಲ್ಪ. ಸುಮಾರು ಹತ್ತು ವರುಷದ ವಯಸ್ಸಿಗೇ ಶಾಲೆಯನ್ನು ಬಿಟ್ಟು ದುಡಿಮೆಗೆ ನಿಂತ ಈ ಹುಡುಗನು ಮೇಣಬತ್ತಿಯ ಕಾರಖಾನೆಯಲ್ಲಿ ಕೆಲಸ ಮಾಡಿದನು. ಮುಂದೆ ಯಂತ್ರದ ಕಾರಖಾನೆಯೊಂದರಲ್ಲಿ ಉಮೇದುವಾರನಾಗಿ ಸೇರಿ ಕಸಬನ್ನು ಕಲಿತನು. ಪ್ಯಾರಿಸ್ ಕಮ್ಯೂನಿನ ದಂಗೆಯು ಮುರಿದ ಮೇಲೆ ದೇಶಬಿಟ್ಟು ಬಂದಿದ್ದ ಫ್ರೆಂಚ್ ಕೆಲಸಗಾರನೊಬ್ಬನು ಅಲ್ಲಿ ಜೊತೆಗಾರನಾಗಿದ್ದು, ಸಮಾಜವಾದದ ವಿಚಾರಗಳನ್ನು ಅವನ ಕಿವಿಯ ಮೇಲೆ ಹಾಕಿದನು. ಹಗಲು ದುಡಿಮೆ, ರಾತ್ರಿ ಓದು. ಇದೇ ಬರ್ನ್ಸರ ವಿಶ್ವವಿದ್ಯಾಲಯ. 1881ರಲ್ಲಿ ಪಶ್ಚಿಮ ಆಫ್ರಿಕದ ನೈಜರ್ ನದಿಯ ಪ್ರಾಂತಕ್ಕೆ ಯಂತ್ರಗಳ ಮೇಲ್ವಿಚಾರಕರಾಗಿ ಹೋಗಿ, ಅಲ್ಲಿ ಗಳಿಸಿದ ಹಣವನ್ನು ಮನೆ ಕಟ್ಟಲಿಕ್ಕೂ ಬಟ್ಟೆ ಕೊಳ್ಳಲಿಕ್ಕೂ ಬಳಸದೆ, ಯುರೋಪಿನ ನಗರಗಳಲ್ಲಿ ಸಂಚರಿಸಿ ಅಲ್ಲಿಯ ಕೂಲಿಕಾರರ ಸ್ಥಿತಿಗತಿಗಳನ್ನು ನೋಡಿ ಬರುವುದಕ್ಕೆ ವೆಚ್ಚ ಮಾಡಿದರು. ಇಂತಹ ಮನುಷ್ಯನನ್ನು ಟೊಳ್ಳೆಂದು ಯಾರು ಹೇಳಬಲ್ಲರು?

ಅವರ ಕಂಠವು ಹಿರಿದು. ಧ್ವನಿವರ್ಧಕ ಯಂತ್ರಗಳಿಲ್ಲದ ಆ ಕಾಲದಲ್ಲಿ ಮೈದಾನಗಳಲ್ಲಿ ನೆರೆದ ಸಾವಿರಾರು ಜನರಿಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. 1886ರ ಫೆಬ್ರುವರಿಯಲ್ಲಿ ನಿರುದ್ಯೋಗಿಗಳ ಸಭೆಯು ಲಂಡನ್ನಿನ ಶ್ರೀಮಂತರ ಬೀದಿಗಳಲ್ಲಿ ದೊಂಬಿಯಾಗಿ ಪರಿಣಮಿಸಿದಾಗ, ಕೆಂಪು ಬಾವುಟ ಹಿಡಿದು ಮುಂದೆ ನಡೆದ ಬರ್ನ್ಸರನ್ನೂ ಅವರ ಸಂಗಡಿಗರನ್ನೂ ಸರಕಾರವು ರಾಜದ್ರೋಹದ ಮಾತಿಗಾಗಿ ನ್ಯಾಯಾಸನದ ಮುಂದೆ ನಿಲ್ಲಿಸಿತು. ಪಂಚರು ಅವರನ್ನು ನಿರ್ದೋಷಿಗಳೆಂದು ಬಿಟ್ಟರು. ಮರುವರುಷ, 1887ರ ನವೆಂಬರ 13ನೆಯ ರವಿವಾರದಂದು, ಟ್ರಫಾಲ್ಗರ್ ಚೌಕದಲ್ಲಿ ಸಭೆ ಸೇರಕೂಡದೆಂಬ ಅಪ್ಪಣೆಯನ್ನು ಮೀರಿ ಜನರು ಹೊರಟಾಗ ಪೋಲೀಸರೂ ಸೈನಿಕರೂ ಅವರನ್ನು ಹೊಡೆದಟ್ಟಿದರು. ಇಂಗ್ಲಂಡಿನ ಇತಿಹಾಸದಲ್ಲಿ ಆ ದಿನಕ್ಕೆ 'ರಕ್ತದ ರವಿವಾರ'ವೆಂದು ಹೆಸರಾಗಿದೆ. ಅಂದು ಹಿಡಿಯಲ್ಪಟ್ಟ ಬರ್ನ್ಸರಿಗೂ ಪಾರ್ಲಿಮೆಂಟಿನ ಸದಸ್ಯರಾದ ಕನಿಂಗಮ್ ಗ್ರಹಾಮರಿಗೂ ಆರು ವಾರಗಳ ಸೆರೆಮನೆಯಾಯಿತು. ಸಭಾಬಂದಿಯ ಹುಕುಮು ಮುರಿದು ಸೆರೆಗೆ ಹೋಗುವುದು ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಆದರೆ ಬರ್ನ್ಸರ ಹೆಸರನ್ನು ಮನೆಮಾತು ಮಾಡಿದುದು 1889ರ ಹಡಗುಕಟ್ಟೆಯ ಮುಷ್ಕರ. ಲಂಡನ್ ಬಂದರದಲ್ಲಿ ಸರಕನ್ನು ಹೊತ್ತು ಇಳಿಸುವ ಕೂಲಿಗಳ ಬಾಳು ಆಗ ನಾಯಿಪಾಡಾಗಿತ್ತು. ಬೆಳಗಾಗುತ್ತಲೇ ಕಟ್ಟೆಯ ಬಾಗಿಲಲ್ಲಿ ನೂರಾರು ಜನರು ಒಬ್ಬರ ಮೇಲೊಬ್ಬರು ಬಿದ್ದು ನಿಲ್ಲಬೇಕು. ಮುಕಾದಮನು ಬೊಟ್ಟು ಮಾಡಿ ತೋರಿಸಿದವನಿಗೆ ಮಾತ್ರ ಕೆಲಸ. ಅದೂ ಒಂದೆರಡು ತಾಸುಗಳಿಗೆ, ತಾಸಿಗೆ ಐದು ಪೆನ್ನಿಯಂತೆ. ಅವರು ಕೇಳಿದುದು ತಾಸಿಗೆ ಆರು ಪೆನ್ನಿ, ಮತ್ತು ಒಮ್ಮೆ ಕರೆದರೆ ನಾಲ್ಕು ತಾಸಿಗೆ ಕಡಿಮೆಯಿಲ್ಲದ ಕೆಲಸ. ಬೆನ್ ಟಿಲೆಟ್, ಟಾಮ್ ಮಾನ್ ಎಂಬ ಮುಂದಾಳುಗಳ ಜೊತೆಗೆ ಬರ್ನ್ಸರು ಬಿಳಿಯ ಹುಲ್ಲುಟೋಪಿಯನ್ನು ಧರಿಸಿ ದಿನದಿನವೂ ಸಹಸ್ರಾರು ಕೂಲಿಗಳ ಮೆರವಣಿಗೆಯನ್ನು ನಗರದ ನಡುಬೀದಿಯಲ್ಲಿ ನಡೆಯಿಸಿದರು. ಎಲ್ಲಿಯೂ ಒಂದು ಕಲ್ಲು ಹಾರದಂತೆ ಅವರು ಕಾಯ್ದ ಶಿಸ್ತನ್ನು ಕಂಡು ಲಂಡನ್ನಿನ ಮಧ್ಯಮ ವರ್ಗದವರ ಮನಸ್ಸೇ ತಿರುಗಿತು. ಹೊಟ್ಟೆಗಿಲ್ಲದೆ ಮುಷ್ಕರವು ಮುರಿದುಬೀಳುವ ಹೊತ್ತಿಗೆ ಆಸ್ಟ್ರೇಲಿಯದ ಕೂಲಿಕಾರರೂ ನಾಗರಿಕರೂ ಕೂಡಿಸಿದ ಸುಮಾರು 30,000 ಪೌಂಡುಗಳು ಸಮುದ್ರದಾಚೆಯಿಂದ ಬಂದವು. ಒಂದು ತಿಂಗಳ ಹೋರಾಟದ ಮೇಲೆ, ಕಾರ್ಡಿನಲ್ ಮ್ಯಾನಿಂಗರ ಮಧ್ಯಸ್ಥಿಕೆಯಿಂದ ಆರು ಪೆನ್ನಿಯು ದೊರೆಯಿತು. ಕಸಬು ಕಲಿಯದ ಬರಿಗೈ ಕೂಲಿಗಳೂ ಸಂಘಟಿತರಾಗಿ ಗೆಲ್ಲಬಲ್ಲರೆಂಬುದನ್ನು ಲೋಕವು ಮೊದಲು ಕಂಡುದು ಇಲ್ಲಿ.

ಅದೇ ವರುಷದ ಆರಂಭದಲ್ಲಿ ಬ್ಯಾಟರ್ಸೀ ಭಾಗದ ಜನರು ಬರ್ನ್ಸರನ್ನು ಹೊಸದಾಗಿ ಹುಟ್ಟಿದ ಲಂಡನ್ ಕೌಂಟಿ ಕೌನ್ಸಿಲಿಗೆ ಆರಿಸಿದ್ದರು. 1892ರಲ್ಲಿ ಅವರನ್ನೇ ಕಾಮನ್ಸ್ ಸಭೆಗೆ ಕಳುಹಿದರು. ಆಗ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳವಿರಲಿಲ್ಲ. ಅದು ಬಂದುದು 1911ರಲ್ಲಿ. ತಮ್ಮ ಪ್ರತಿನಿಧಿಯ ಹೊಟ್ಟೆಪಾಡಿಗಾಗಿ ಬ್ಯಾಟರ್ಸೀಯ ಕೂಲಿಕಾರರು ಪೆನ್ನಿ ಪೆನ್ನಿಯಾಗಿ ವಂತಿಗೆ ಕೂಡಿಸಿ ಒಂದು ನಿಧಿಯನ್ನು ನಡೆಯಿಸಿದರು. ಬಡವರು ತಮ್ಮ ತುತ್ತಿನಲ್ಲಿ ಪಾಲು ಕೊಟ್ಟು ಸಾಕಿದ ಪ್ರತಿನಿಧಿ ಅವರು. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅದೇ 1892ರಲ್ಲಿ ಕಲ್ಲಿದ್ದಲ ಗಣಿಯ ಕೂಲಿಯಾಗಿದ್ದ ಕೇರ್ ಹಾರ್ಡಿಯವರೂ ಪಾರ್ಲಿಮೆಂಟಿಗೆ ಬಂದರು. ಇಬ್ಬರೂ ಒಂದೇ ವರ್ಗದವರು, ಒಂದೇ ಧ್ಯೇಯದವರು. ಆದರೆ ಹಿಡಿದ ದಾರಿಗಳು ಬೇರೆಯಾದವು. ಕೂಲಿಕಾರರಿಗೆ ತಮ್ಮದೇ ಆದ ಪಕ್ಷವು ಬೇಕು, ಅದು ಬೆಳೆಯುವವರೆಗೆ ವಿರೋಧದ ಬೆಂಚಿನ ಮೇಲೆಯೇ ಕುಳಿತಿರಬೇಕು ಎಂದು ಹಾರ್ಡಿಯವರ ಮತ. ಇದ್ದ ಲಿಬರಲ್ ಪಕ್ಷವನ್ನು ಆಶ್ರಯಿಸಿ ಆಗುವಷ್ಟು ಕೆಲಸವನ್ನು ಇಂದೇ ಮಾಡಿಕೊಳ್ಳಬೇಕು ಎಂದು ಬರ್ನ್ಸರ ಮತ. ಎರಡನೆಯದನ್ನು ಸ್ವಾರ್ಥವೆಂದು ಒಮ್ಮೆಗೇ ತಳ್ಳಿಹಾಕಲಾಗದು. ಕೌಂಟಿ ಕೌನ್ಸಿಲಿನಲ್ಲಿ ನ್ಯಾಯವಾದ ಕೂಲಿಯ ದರಗಳಿಗಾಗಿ ಬರ್ನ್ಸರು ಮಾಡಿದ ಕೆಲಸವು ನಿಜವಾದುದು. ಆದರೆ 1900ರಲ್ಲಿ ಕೂಲಿಕಾರರ ಪ್ರತಿನಿಧಿಗಳು ಬೇರೆ ಸಂಸ್ಥೆಯನ್ನು ಕಟ್ಟಿ ಮುಂದೆ ಲೇಬರ್ ಪಕ್ಷವೆಂದು ಹೆಸರು ತಾಳಿದಾಗ, ಬರ್ನ್ಸರು ಹೊರಗೆ ಉಳಿದರು. ತನ್ನವರ ಸಂಘಟನೆಯ ಅಂಕುಶವಿಲ್ಲದೆ ಒಂಟಿಯಾಗಿ ಅಧಿಕಾರದ ಸಮೀಪಕ್ಕೆ ಹೋಗುವವನು ತನ್ನ ಸದ್ಗುಣವೊಂದನ್ನೇ ನಂಬಿ ಹೋಗಬೇಕಾಗುತ್ತದೆ. ಆ ನಂಬಿಗೆ ಎಷ್ಟು ಭಾರವನ್ನು ತಡೆಯಬಲ್ಲುದೆಂಬುದು ಮುಂದೆ ಗೊತ್ತಾಯಿತು.

1905ರ ಡಿಸೆಂಬರದಲ್ಲಿ ಸರ್ ಹೆನ್ರಿ ಕ್ಯಾಂಬೆಲ್ ಬ್ಯಾನರ್ಮನ್ನರು ಲಿಬರಲ್ ಮಂತ್ರಿಮಂಡಲವನ್ನು ರಚಿಸುತ್ತ ಬರ್ನ್ಸರನ್ನು ಕರೆದು ಲೋಕಲ್ ಗವರ್ನಮೆಂಟ್ ಬೋರ್ಡಿನ, ಎಂದರೆ ಸ್ಥಾನಿಕ ಸ್ವರಾಜ್ಯ ಖಾತೆಯ, ಅಧ್ಯಕ್ಷಪದವಿಯನ್ನು ಕೊಟ್ಟರು. ಇದಕ್ಕಿಂತ ಜನಪ್ರಿಯವಾದ ನೇಮಕವನ್ನು ತಾವು ಮಾಡಿರಲಾರಿರಿ ಎಂದು ಬರ್ನ್ಸರು ಪ್ರಧಾನಿಯವರನ್ನೇ ಅಭಿನಂದಿಸಿದರೆಂದು ಒಂದು ಕಥೆಯಿದೆ. ಅವರ ಆತ್ಮಾಭಿಮಾನವು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಆ ಕಥೆಯನ್ನು ಯಾರೂ ಸಂಶಯಿಸಲಿಲ್ಲ. ಸಂಬಳವು ವರುಷಕ್ಕೆ 2,000 ಪೌಂಡು. ಆಗಿನ ದರದಿಂದ ನಮ್ಮ 30,000 ರೂಪಾಯಿ. ಯಾವ ಮನುಷ್ಯನ ದುಡಿಮೆಗೂ ವರುಷಕ್ಕೆ 500 ಪೌಂಡಿಗಿಂತ ಹೆಚ್ಚು ಬೆಲೆಯಿಲ್ಲವೆಂದು ಬರ್ನ್ಸರು ಹಿಂದೆ ವೇದಿಕೆಯ ಮೇಲೆ ಸಾರಿದ್ದರೆಂಬುದನ್ನು ಅವರ ಹಳೆಯ ಸಂಗಡಿಗರು ನೆನಪಿಸಿಕೊಡದೆ ಬಿಡಲಿಲ್ಲ. 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ ಸರಕಾರಿ ಸೇವಕರ ವೇತನವು ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಯನ್ನು ಮೀರಬಾರದೆಂದು ನಮ್ಮ ಹಿರಿಯರು ಗೊತ್ತುಪಡಿಸಿ, 1937ರಲ್ಲಿ ತಾವೇ ಮಂತ್ರಿಗಳಾದಾಗ ಆ ಮಾತಿನಂತೆ ನಡೆದುದರ ಬೆಲೆಯು ಇಂತಹ ಹೋಲಿಕೆಯಿಂದ ತಿಳಿಯುವುದು.

ಆದರೆ ಬರ್ನ್ಸರನ್ನು ಕೆಡಿಸಿದುದು ಸಂಬಳವಲ್ಲ. ಮಂತ್ರಿಯಾದ ಮೇಲೆಯೂ ಅವರು ಮದ್ಯವನ್ನು ಮುಟ್ಟಲಿಲ್ಲ. ಲಂಚವೆಂಬುದು ಅವರ ಸಮೀಪಕ್ಕೆ ಸುಳಿಯಲಿಲ್ಲ. ಅವರನ್ನು ಗೆದ್ದುದು ದಫ್ತರ. ಈ ಖಾತೆಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಇಂಗ್ಲಂಡಿನ ದರಿದ್ರರ ಪೋಷಣೆಯು 1834ರ ಬಡವರ ಕಾಯಿದೆಗೆ ಅನುಸರಿಸಿ ನಡೆಯುತ್ತಿತ್ತು. ಸರಕಾರದ ಆಶ್ರಯಕ್ಕೆ ಬಂದವನ ಸ್ಥಿತಿಯು, ದುಡಿದು ಉಣ್ಣುವ ಅತಿ ಬಡ ಕೂಲಿಯ ಸ್ಥಿತಿಗಿಂತಲೂ ಕೀಳಾಗಿರಬೇಕೆಂಬುದು ಆ ಕಾಯಿದೆಯ ಮೂಲತತ್ತ್ವ. ವರ್ಕ್‌ಹೌಸ್ ಎಂಬ ಆಶ್ರಯಗೃಹಕ್ಕೆ ಹೋದ ದಂಪತಿಗಳನ್ನು ಅಗಲಿಸುತ್ತಿದ್ದರು. ಬಡವರ ನಿಧಿಯಿಂದ ನೆರವು ಪಡೆದವನು ಮತದಾನದ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದನು. ಊರೂರಿನ ಪೋಷಕ ಮಂಡಳಿಗಳ ಲೆಕ್ಕಪತ್ರಗಳನ್ನು ತನಿಖೆ ಮಾಡಿ, ಅವರು ಕರುಣೆಯಿಂದ ಒಂದು ತುತ್ತು ಹೆಚ್ಚು ಕೊಟ್ಟರೆ ಆಕ್ಷೇಪಣೆ ಎತ್ತುವುದೇ ಬರ್ನ್ಸರ ಖಾತೆಯ ಅಧಿಕಾರಿಗಳ ಬಹುಕಾಲದ ರೂಢಿ. ನಿರುದ್ಯೋಗಿಗಳ ಬಾವುಟ ಹಿಡಿದಿದ್ದ ಮನುಷ್ಯನು ಈ ಖಾತೆಗೆ ಒಡೆಯನಾದಾಗ, ಹಳೆಯ ಗೋಡೆಗಳು ಉರುಳುವುವೆಂದು ಬಡವರು ನಂಬಿದರು.

ಗೋಡೆಗಳು ಉರುಳಲಿಲ್ಲ. ಖಾತೆಯ ಹಿರಿಯ ಅಧಿಕಾರಿಗಳು ಹೊಸ ಮಂತ್ರಿಯನ್ನು ಎದುರಿಸಲಿಲ್ಲ. ಅವರಿಗೆ ಅಂಕಿಸಂಖ್ಯೆಗಳನ್ನು ಒದಗಿಸಿದರು, ವಿನಯದಿಂದ ಕಾಗದಗಳನ್ನು ಮುಂದಿಟ್ಟರು, ಆಡಳಿತದ ಸೂಕ್ಷ್ಮಗಳನ್ನು ಗ್ರಹಿಸುವ ಅವರ ಬುದ್ಧಿಶಕ್ತಿಯನ್ನು ಮೆಚ್ಚಿದರು. ಶಾಲೆಯ ಮುಖವನ್ನೇ ಸರಿಯಾಗಿ ಕಾಣದೆ ಬೆಳೆದವನಿಗೆ ವಿದ್ಯಾವಂತರ ಮೆಚ್ಚುಗೆಗಿಂತ ಅಮಲಿನ ವಸ್ತುವು ಮತ್ತೊಂದಿಲ್ಲ. ಅದೂ ಅಲ್ಲದೆ, ತಾನು ಸ್ವಂತ ದುಡಿಮೆಯಿಂದ ಮೇಲೆ ಬಂದವನು, ಇತರರೂ ಹಾಗೆಯೇ ಏಕೆ ಬರಬಾರದು ಎಂಬ ಭಾವನೆಯು ಬರ್ನ್ಸರಲ್ಲಿ ಮೊದಲೇ ಬೇರೂರಿತ್ತು. ಪುಕ್ಕಟೆಯ ಅನ್ನವು ಬಡವನ ಸ್ವಾಭಿಮಾನವನ್ನು ಕೊಲ್ಲುವುದೆಂಬ ಅಧಿಕಾರಿಗಳ ಮಾತು ಅವರಿಗೆ ತಮ್ಮದೇ ಮಾತಾಗಿ ತೋರಿತು. ಹೀಗಾಗಿ 1908ರಲ್ಲಿ ಲೇಬರ್ ಪಕ್ಷದವರು 'ದುಡಿಯುವ ಹಕ್ಕು' ಎಂಬ ಮಸೂದೆಯನ್ನು ತಂದಾಗ, ಅದಕ್ಕೆ ವಿರೋಧವಾಗಿ ಸರಕಾರದ ಬೆಂಚಿನಿಂದ ಎದ್ದು ಮಾತನಾಡಿದವರು ಬರ್ನ್ಸರೇ. 1909ರಲ್ಲಿ ಬಡವರ ಕಾಯಿದೆಯ ರಾಯಲ್ ಕಮಿಷನ್ನು ಎರಡು ವರದಿಗಳನ್ನು ಕೊಟ್ಟಿತು. ಬೀಟ್ರಿಸ್ ವೆಬ್ಬರೂ ಜಾರ್ಜ್ ಲ್ಯಾನ್ಸ್‌ಬರಿಯವರೂ ಸಹಿ ಮಾಡಿದ ಅಲ್ಪಮತದ ವರದಿಯು ಆ ಕಾಯಿದೆಯನ್ನೇ ಮುರಿದುಹಾಕಬೇಕೆಂದು ಹೇಳಿತು. ಬರ್ನ್ಸರು ಹಳೆಯ ಯಂತ್ರವನ್ನೇ ಎಣ್ಣೆ ಹಾಕಿ ನಡೆಯಿಸುತ್ತ ಬಂದರು. ಪೋಷಕ ಮಂಡಳಿಗಳು ರದ್ದಾಗಲು 1929ರ ಶಾಸನವು ಬರಬೇಕಾಯಿತು. ಬಡವರ ಕಾಯಿದೆಯು ಪೂರ್ತಿಯಾಗಿ ಅಳಿಯಲು 1948ರವರೆಗೆ ಕಾಯಬೇಕಾಯಿತು.

ಇದರಲ್ಲಿ ಇನ್ನೊಂದು ವಿಪರ್ಯಾಸವುಂಟು. ಅದೇ ಮಂತ್ರಿಮಂಡಲದಲ್ಲಿ ಡ್ಯೂಕನ ಮೊಮ್ಮಗನಾದ ಚರ್ಚಿಲ್ಲರು 1909ರಲ್ಲಿ ನಿರುದ್ಯೋಗಿಗಳಿಗೆ ಕೆಲಸ ಹುಡುಕಿಕೊಡುವ ಕಚೇರಿಗಳ ಶಾಸನವನ್ನು ತಂದರು. ವಕೀಲರಾದ ಲಾಯಿಡ್ ಜಾರ್ಜರು 1911ರಲ್ಲಿ ರೋಗ ಮತ್ತು ನಿರುದ್ಯೋಗಗಳ ವಿಮೆಯ ಶಾಸನವನ್ನು ತಂದರು. ಹಸಿವೆಯನ್ನು ಪುಸ್ತಕದಲ್ಲಿ ಓದಿದವರು ಕೆಲಸ ಮಾಡಿದರು. ಹಸಿವೆಯನ್ನು ಉಂಡು ಬೆಳೆದವರು ಕಡತದ ಮೇಲೆ ಶೇರೆ ಬರೆಯುತ್ತ ಕುಳಿತರು. ಬಡತನದಲ್ಲಿ ಹುಟ್ಟಿದ ಮಾತ್ರದಿಂದಲೇ ಮಂತ್ರಿಯು ಬಡವರ ಮಂತ್ರಿಯಾಗುವನೆಂಬ ನಂಬಿಗೆಯು ಸುಳ್ಳೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನವು ಬೇರೆ ಬೇಕಿಲ್ಲ.

ಹಾಗೆಂದು ಬರ್ನ್ಸರ ಮಂತ್ರಿತ್ವದಲ್ಲಿ ಒಳ್ಳೆಯದೇನೂ ಆಗಲಿಲ್ಲವೆಂದರೆ ಅನ್ಯಾಯವಾಗುವುದು. ಹಸುಮಕ್ಕಳ ಮರಣವನ್ನು ತಡೆಯುವ ಬಗೆಯನ್ನು ಆಲೋಚಿಸಲು 1906ರಲ್ಲಿ ಲಂಡನ್ನಿನಲ್ಲಿ ಕೂಡಿದ ಪರಿಷತ್ತಿಗೆ ಅವರೇ ಅಧ್ಯಕ್ಷರು. ಹುಟ್ಟಿದ ಮಗುವಿನ ವರ್ದಿಯನ್ನು ಆರೋಗ್ಯಾಧಿಕಾರಿಗೆ ಕೂಡಲೆ ತಲುಪಿಸುವ ಶಾಸನವು 1907ರಲ್ಲಿ ಬಂದಿತು. 1909ರಲ್ಲಿ ಅವರು ಅಂಗೀಕಾರ ಮಾಡಿಸಿದ ವಸತಿ ಮತ್ತು ನಗರ ಯೋಜನೆಯ ಶಾಸನವು, ಬೆನ್ನಿಗೆ ಬೆನ್ನು ಹಚ್ಚಿ ಗಾಳಿಬೆಳಕಿಲ್ಲದೆ ಮನೆ ಕಟ್ಟುವುದನ್ನು ನಿಷೇಧಿಸಿ, ಬೆಳೆಯುವ ಊರುಗಳ ವಿಸ್ತರಣೆಗೆ ಮುಂಚಿತವಾಗಿ ನಕ್ಷೆಯನ್ನು ಹಾಕುವ ಅಧಿಕಾರವನ್ನು ಸ್ಥಾನಿಕ ಸಂಸ್ಥೆಗಳಿಗೆ ಕೊಟ್ಟಿತು. ಅದರ ಮಾದರಿಯನ್ನು ಮುಂದಿಟ್ಟುಕೊಂಡೇ 1915ರಲ್ಲಿ ಮುಂಬಯಿ ಇಲಾಖೆಯಲ್ಲಿ ನಮ್ಮ ದೇಶದ ಮೊದಲ ನಗರ ಯೋಜನೆಯ ಶಾಸನವಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಇಲಾಖೆಗೆ ಸೇರಿದ್ದುವು. ಬ್ಯಾಟರ್ಸೀಯ ಗಲ್ಲಿಗಳಲ್ಲಿ ಬೆಳೆದ ಹುಡುಗನ ನೆನಪು ಮಂತ್ರಿಯ ಕೈಯಿಂದ ಒಂದು ಒಳ್ಳೆಯ ಕೆಲಸವನ್ನು ಮಾಡಿಸಿತೆಂದು ನಾವು ಒಪ್ಪಲೇಬೇಕು.

ಎಂಟು ವರುಷಗಳು ಹೀಗೆ ಕಳೆದುವು. 1914ರ ಫೆಬ್ರುವರಿಯಲ್ಲಿ ಬರ್ನ್ಸರಿಗೆ ವ್ಯಾಪಾರ ಖಾತೆಯ ಅಧ್ಯಕ್ಷಪದವಿಯು ದೊರೆಯಿತು. ಜರಿಯಂಚಿನ ದರಬಾರಿ ಉಡುಪಿನ ಬರ್ನ್ಸರನ್ನು ಕಂಡು, ಇವರು ಇನ್ನು ಕುರ್ಚಿಯನ್ನು ಬಿಡುವವರಲ್ಲವೆಂದು ಹಳೆಯ ಸಂಗಡಿಗರು ನಗುತ್ತಿದ್ದರು. ಆಗಸ್ಟ್ 2ನೆಯ ರವಿವಾರ ಮಂತ್ರಿಮಂಡಲವು ಕೂಡಿತು. ಯುರೋಪಿನಲ್ಲಿ ಯುದ್ಧವು ಹೊತ್ತಿಕೊಂಡಿತ್ತು. ಫ್ರಾನ್ಸಿನ ಕರಾವಳಿಯ ಮೇಲೆ ಜರ್ಮನಿಯ ನೌಕೆಗಳು ಬಂದರೆ ಬ್ರಿಟಿಷ್ ನೌಕಾಬಲವು ರಕ್ಷಿಸುವುದೆಂದು ಫ್ರಾನ್ಸಿಗೆ ವಚನ ಕೊಡುವ ವಿಷಯವು ನಿರ್ಣಯಕ್ಕೆ ಬಂದಾಗ, ಇದರ ಅರ್ಥವು ಯುದ್ಧವೆಂದು ತಿಳಿದ ಬರ್ನ್ಸರು ರಾಜೀನಾಮೆಯನ್ನು ಹೇಳಿದರು. ಹಿಂದೆ ಭಾರತಮಂತ್ರಿಗಳಾಗಿದ್ದು ನಮ್ಮವರಿಗೆ ಪರಿಚಿತರಾದ ಲಾರ್ಡ್ ಮೋರ್ಲೆಯವರೂ ಅವರನ್ನು ಅನುಸರಿಸಿದರು. ಹೊರಡುವೆವೆಂದು ಹೇಳಿದ ಮತ್ತಿಬ್ಬರು ಮನಸ್ಸನ್ನು ಬದಲಿಸಿ ಕುರ್ಚಿಗಳಿಗೆ ಮರಳಿದರು. ಬರ್ನ್ಸರು ಮರಳಲಿಲ್ಲ. 4ನೆಯ ತಾರೀಖಿಗೆ ಬ್ರಿಟನ್ನು ಯುದ್ಧವನ್ನು ಸಾರಿತು.

ಬರ್ನ್ಸರ ತೀರ್ಮಾನವು ಸರಿಯೋ ತಪ್ಪೋ ಎಂಬುದನ್ನು ಇತಿಹಾಸಕಾರರು ಇನ್ನೂ ಚರ್ಚಿಸುತ್ತಿರುವರು; ನಮ್ಮ ದೃಷ್ಟಿಯು ಅದರ ರೀತಿಯ ಮೇಲೆ. ಅವರಿಗೆ ಆಗ ಐವತ್ತೈದು ವರುಷ. ಪಿತ್ರಾರ್ಜಿತವಿಲ್ಲ, ಜಮೀನಿಲ್ಲ, ಆಶ್ರಯ ಕೊಡುವ ಪಕ್ಷವಿಲ್ಲ. ಹಳೆಯ ಗೆಳೆಯರನ್ನು ಮೊದಲೇ ಕಳೆದುಕೊಂಡಾಗಿತ್ತು. ಮೋರ್ಲೆಯವರಿಗೆ ಹಿಂದಿರುಗಲು ಸಾಹಿತ್ಯಲೋಕವಿತ್ತು. ಬರ್ನ್ಸರಿಗೆ ಬೀದಿಯೇ ಗತಿ. ಆದರೂ ಅವರು ಒಂದು ಘಳಿಗೆಯಲ್ಲಿ ಎದ್ದು ಹೊರಬಂದರು. ಹೊರಬಂದು ಸಹೋದ್ಯೋಗಿಗಳನ್ನು ಹಳಿಯಲಿಲ್ಲ, ತಮ್ಮ ತ್ಯಾಗವನ್ನು ಸಾರಿಕೊಳ್ಳಲಿಲ್ಲ. ಜೀವಮಾನವೆಲ್ಲ ತನ್ನ ಹೊಗಳಿಕೆಯನ್ನು ತಾನೇ ಮಾಡಿಕೊಂಡನೆಂದು ನಗೆಗೀಡಾದ ಮನುಷ್ಯನು, ನಿಜವಾಗಿ ಹೊಗಳಿಕೆಗೆ ಅರ್ಹವಾದ ಒಂದು ಕೆಲಸವನ್ನು ಮಾಡಿದಾಗ ಬಾಯಿ ಮುಚ್ಚಿಕೊಂಡಿದ್ದನು!

1918ರಲ್ಲಿ ಅವರು ಪಾರ್ಲಿಮೆಂಟನ್ನೂ ಬಿಟ್ಟರು. ಮುಂದಿನ ವರುಷ ತೀರಿಕೊಂಡ ಅಮೇರಿಕದ ಕೋಟ್ಯಾಧೀಶ ಕಾರ್ನೆಗಿಯವರ ಮರಣಪತ್ರದಿಂದ ವರುಷಕ್ಕೆ 1,000 ಪೌಂಡಿನ ವರ್ಷಾಶನವು ಅವರಿಗೆ ದೊರೆಯಿತು. ಹಳೆಯ ಪುಸ್ತಕದಂಗಡಿಗಳನ್ನು ಸುತ್ತುತ್ತ, ಲಂಡನ್ ನಗರದ ಇತಿಹಾಸಕ್ಕೆ ಸಂಬಂಧಿಸಿದ ಗ್ರಂಥಗಳನ್ನು ಕೂಡಿಸುತ್ತ ಅವರು ಉಳಿದ ಕಾಲವನ್ನು ಕಳೆದರು. ಅವರ ಬ್ಯಾಟರ್ಸೀಯ ಉತ್ತರ ಭಾಗವು 1922ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಶಾಪುರ್ಜಿ ಸಕ್ಲತ್‌ವಾಲಾ ಎಂಬ ಭಾರತೀಯರನ್ನು ಪಾರ್ಲಿಮೆಂಟಿಗೆ ಆರಿಸಿತು. ಬರ್ನ್ಸರು ಅಧಿಕಾರದಲ್ಲಿ ತಣ್ಣಗಾದರೂ ಅವರು ಬಿತ್ತಿದ ಬೀಜವು ಆ ನೆಲದಲ್ಲಿ ಒಣಗಿರಲಿಲ್ಲ. 1943ರ ಜನವರಿಯಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಈ ಜೀವನದಿಂದ ನಾವು ತಿಳಿಯತಕ್ಕುದೇನು? ಮಂತ್ರಿಪದವಿಗೆ ಎರಡು ಬಾಗಿಲುಗಳುಂಟು. ಒಳಗೆ ಹೋಗುವುದೊಂದು, ಹೊರಗೆ ಬರುವುದೊಂದು. ಮೊದಲನೆಯದರಲ್ಲಿ ಬರ್ನ್ಸರು ಸೋತರು, ಎರಡನೆಯದರಲ್ಲಿ ಗೆದ್ದರು. ಒಳಗೆ ಹೋಗುವಾಗ ತನ್ನ ಸ್ವಂತ ಸಾಮರ್ಥ್ಯವನ್ನಷ್ಟೇ ಒಯ್ದರೆ ಸಾಲದು. ತನ್ನನ್ನು ಪೆನ್ನಿ ಕೊಟ್ಟು ಸಾಕಿದ ಜನರೊಡನೆ ಮಾತುಕತೆಯ ದಾರಿಯನ್ನು ತೆರೆದಿಟ್ಟುಕೊಂಡು ಹೋಗಬೇಕು. ಇಲ್ಲದಿದ್ದರೆ ಕಚೇರಿಯ ನಾಲ್ಕು ಗೋಡೆಗಳೊಳಗೆ ಕೇಳಿಬರುವುದನ್ನೇ ಲೋಕದ ಧ್ವನಿಯೆಂದು ಭ್ರಮಿಸುವ ಕಾಲವು ಬರುವುದು. ಹೊರಗೆ ಬರುವ ಬಾಗಿಲನ್ನಾದರೋ ಯಾವಾಗಲೂ ಅಗುಳಿ ಹಾಕದೆ ಇಟ್ಟಿರಬೇಕು. 1939ರಲ್ಲಿ ನಮ್ಮನ್ನು ಕೇಳದೆಯೇ ನಮ್ಮ ದೇಶವನ್ನು ಯುದ್ಧಕ್ಕೆ ಎಳೆದಾಗ ಪ್ರಾಂತಗಳ ಕಾಂಗ್ರೆಸ್ ಮಂತ್ರಿಗಳು ಆ ಬಾಗಿಲಿನಿಂದ ಹೊರಬಂದುದನ್ನು ಈ ದೇಶವು ಮರೆತಿಲ್ಲ.

ನಮ್ಮ ವಾಚಕರಲ್ಲಿ ಅನೇಕರು ಸರಕಾರಿ ಅಧಿಕಾರಿಗಳು. ಅವರಿಗೂ ಒಂದು ಮಾತನ್ನು ಹೇಳಬಯಸುತ್ತೇವೆ. ಬರ್ನ್ಸರ ಅಧಿಕಾರಿಗಳು ದುಷ್ಟರಲ್ಲ. ತಮಗೆ ಗೊತ್ತಿದ್ದ ಹಳೆಯ ದಾರಿಯನ್ನು ನಿಷ್ಠೆಯಿಂದ ತೋರಿಸಿದರು. ಆದರೆ ಜನರು ಆರಿಸಿ ಕಳುಹಿದ ಮಂತ್ರಿಯು ಹೊಸ ಪ್ರಶ್ನೆಯನ್ನು ಹೊತ್ತು ಬಂದಾಗ, ಅದನ್ನು ಹಳೆಯ ಕಡತದಿಂದ ಮುಚ್ಚಿಬಿಡುವುದು ನಿಷ್ಠೆಯಲ್ಲ. ಆ ಪ್ರಶ್ನೆಯನ್ನು ಮಂತ್ರಿಯೇ ಮರೆತರೂ, ಒಂದು ಚೀಟಿಯಲ್ಲಿ ಬರೆದು ನೆನಪಿಸುವ ಅಧಿಕಾರಿಯೇ ನಿಜವಾದ ಸೇವಕನು. ಜನರೂ ಅಷ್ಟೇ: ಮಂತ್ರಿಯನ್ನು ಮಾಲೆ ಹಾಕಿ ಕಳುಹಿದ ಮೇಲೆ ತಮ್ಮ ಕೆಲಸವು ಮುಗಿಯಿತೆಂದು ತಿಳಿಯಬಾರದು. ಆರು ಪೆನ್ನಿಗಾಗಿ ಒಂದು ತಿಂಗಳು ಹಸಿದು ನಡೆದವರು ಅನಂತರವೂ ಎಚ್ಚರದಿಂದಿದ್ದು ತಮ್ಮ ನಾಯಕನ ಕಚೇರಿಯ ಬಾಗಿಲನ್ನು ಬಡಿಯುತ್ತಲೇ ಇರಬೇಕಾಗಿತ್ತು.